ಹಳೇ ಮರಳಿನ ಹೆಪ್ಪು

ಜನ ನಾಯಿ ಸಾಕುತ್ತಾರೆ, ಎಮ್ಮೆ ಸಾಕುತ್ತಾರೆ, ಕೆಲವರು ಸಿಟ್ಟು ಸಾಕುತ್ತಾರೆ. ನಮ್ಮ ಕಾಕಾ ಸಮುದ್ರ ಸಾಕಿದ್ದಾರೆ. ಘಟ್ಟ ಇಳಿಯದೆ ಸಮುದ್ರದ ಗಾಳಿಯೂ ಸಿಗದ ಬೆಳಗಾವಿ ಸೀಮೆಯಲ್ಲಿ, ನಡುಮನೆಯ ಗೋಡೆಗೆ ಆನಿಸಿ, ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಲ್ಲಿ. ಅದರಲ್ಲಿ ಉಪ್ಪುನೀರಿದೆ, ಯಂತ್ರ ಎಬ್ಬಿಸುವ ಅಲೆಯಿದೆ, ಬಂಡೆಯಿದೆ, ಬಂಡೆಗಂಟಿಕೊಂಡು ಬೆಳೆಯುವ ಹವಳವಿದೆ, ತಳದಲ್ಲಿ ಮೂರು ಬೆರಳು ದಪ್ಪ ಮರಳಿದೆ. ಹಡಗೊಂದಿಲ್ಲ, ಅಷ್ಟೇ.

ಈ ಮರಳಿನದೇ ದೊಡ್ಡ ಕಥೆ. ಕಾಕಾ ಮೂವತ್ತು ವರ್ಷ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಕೆಲಸ ಮಾಡಿದವರು. ಕರಗಿದ ಕಬ್ಬಿಣ ಹೊಯ್ಯುವ ಆ ಅಚ್ಚು ಮರಳಿನದು. ಎರಕ ಆರಿದ ಮೇಲೆ ಅಚ್ಚು ಒಡೆದು, ಅದೇ ಮರಳನ್ನು ಜರಡಿ ಹಿಡಿದು, ಹದ ಮಾಡಿ, ಮರುದಿನ ಮತ್ತೆ ಅಚ್ಚು ಕಟ್ಟುತ್ತಾರೆ. ಹೀಗೆ ಆಯುಷ್ಯವೆಲ್ಲ ಹಳೇ ಮರಳಿನ ಮೇಲೇ ಸಂಸಾರ ನಡೆಸಿದ ಮನುಷ್ಯನಿಗೆ ಮರಳು ಎಸೆಯಿರಿ ಎಂದರೆ ಹೇಗನ್ನಿಸಬೇಡ? ನಿವೃತ್ತರಾದ ಮೇಲೂ ಎಲ್ಲಿ ಮರಳು ಕಂಡರೂ ಒಂದು ಹಿಡಿ ಎತ್ತಿ, ಬಿಗಿಯಾಗಿ ಹಿಸುಕಿ, ಕೈ ಬಿಚ್ಚಿ, ಬೆರಳಿನ ಗುರುತು ನಿಂತಿದೆಯೇ ಎಂದು ನೋಡುವ ಚಟ ಹೋಗಿಲ್ಲ. ಯಾರದೋ ಮನೆ ಕಟ್ಟುವಲ್ಲಿ ಮರಳಿನ ಗುಡ್ಡೆ ಮುಂದೆ ಇವರು ನಿಂತರೆ, ದೊಡ್ಡ ಸಾಹೇಬರು ಬಂದರೆಂದು ಕೆಲಸದವರು ಬೀಡಿ ಆರಿಸುತ್ತಾರೆ.

"ಹೊಸಾ ಮರಳಿಗೆ ಏನೂ ತಿಳಿಯಂಗಿಲ್ಲ. ಹಳೇ ಮರಳ ಅಂದ್ರ ಕೆಲಸಾ ಕಲತ ಮನಶ್ಯಾ ಇದ್ದಂಗ" ಎನ್ನುವುದು ಅವರ ಸಿದ್ಧಾಂತ.

ಮೊದಲ ಸಲ ಮನೆಗೆ ಮೀನು ಬಂದಾಗ ನಮ್ಮ ಬಳಗದಲ್ಲಿ ಸಣ್ಣ ಗದ್ದಲವೇ ಆಯಿತು. ಕಾಕಾನ ಅಕ್ಕ, ಅಂದರೆ ನನ್ನ ಅತ್ತೆ, ಸುದ್ದಿ ಕೇಳಿದವರೇ ಆಟೋ ಹಿಡಿದು ಬಂದರು.

"ಲಿಂಗಾ ಕಟ್ಟಿದವರ ಮನ್ಯಾಗ ಮೀನ ಏನೋ ತಮ್ಮಾ?"

"ತಿನ್ನಾಕ ಅಲ್ಲಕ್ಕಾ, ನೋಡಾಕ. ಇಲ್ಲಿ ಬಾ, ನೋಡು. ನಿನಗಿಂತ ಚಂದ ವಿಭೂತಿ ಹಚ್ಚೇತಿ."

ಅತ್ತೆ ಚಾಳೀಸು ಏರಿಸಿ ಬಗ್ಗಿ ನೋಡಿದರು. ಕಿತ್ತಳೆ ಬಣ್ಣದ ಮೈ. ಕೆನ್ನೆಗೊಂದು, ನಡುವಿಗೊಂದು, ಬಾಲದ ಬುಡಕ್ಕೊಂದು ದಪ್ಪನೆಯ ಬಿಳಿ ಪಟ್ಟೆ. "ಬಾಲಕ್ಕೂ ಬಿಟ್ಟಿಲ್ಲ ನೋಡು. ನಮಗಿಂತ ಭಕ್ತಿ ಹೆಚ್ಚೈತಿ" ಎಂದು ಅಲ್ಲೇ ಕುಳಿತು ಚಹಾ ಕುಡಿದು ಹೋದರು. ಅಂದಿನಿಂದ ಅವರ ಫೋನು ಬಂದರೆ ಮೊದಲು ಮೀನಿನ ಆರೋಗ್ಯ, ಆಮೇಲೆ ತಮ್ಮನದು.

ಒಲಿಯದೇ ಉಳಿದವರು ಕಾಕು ಒಬ್ಬರೇ. ಕಾಕಾನ ಹೆಂಡತಿ, ಸರ್ಕಾರಿ ಶಾಲೆಯ ಶಿಕ್ಷಕಿ. ತೊಟ್ಟಿಗೆ ಅವರಿಟ್ಟ ಹೆಸರು ಸವತಿ. ಮನೆಗೆ ಯಾರಾದರೂ ಬಂದರೆ, "ಬರ್ರಿ, ಕುಂದರ್ರಿ. ಅವರು ನನ್ನ ಸವತಿಗೆ ನೀರ ಹಾಕಾಕತ್ತಾರ, ಬರ್ತಾರ" ಎನ್ನುವರು. ತೊಟ್ಟಿಯ ಮುಂದೆ ಹಾದುಹೋಗುವಾಗಲೂ ಅತ್ತ ಕಣ್ಣು ಹಾಯಿಸುತ್ತಿರಲಿಲ್ಲ.

ಆಗ ಅವರ ಮನೆ ಬೆಳಗಾವಿಯದೇ ಶಹಾಪುರ ಪೇಟೆಯಲ್ಲಿತ್ತು. ಬಾಜು ಮನೆಯಲ್ಲಿ ವಿದ್ಯುತ್ ಮಗ್ಗ. ಅದು ಹೊಡೆದಾಗೊಮ್ಮೆ ತೊಟ್ಟಿಯ ನೀರು ಸಣ್ಣಗೆ ನಡುಗುವುದು. ಆ ಸದ್ದಿಗೆ ಇಪ್ಪತ್ತು ವರ್ಷ ಕಾಕುವಿಗೆ ತಲೆ ನೋಯುತ್ತಿತ್ತು, ಯಾರೂ ಮನೆ ಬದಲಿಸಲಿಲ್ಲ. ಮೀನಿಗೆ ತಲೆ ನೋಯುತ್ತದೆಂದು ಕಾಕಾನಿಗೆ ಅನುಮಾನ ಬಂದದ್ದೇ ತಡ, ಅದೇ ಊರಿನ ಹಿಂದವಾಡಿಯಲ್ಲಿ ಮನೆ ಗೊತ್ತಾಯಿತು.

ಅಲ್ಲಿ ನಡೆಯಿತು ಅನಾಹುತ. ಹವಳದ ಬಂಡೆಗಳನ್ನೂ ಮೀನುಗಳನ್ನೂ ಜೋಪಾನವಾಗಿ ಸಾಗಿಸಿದ ಕಾಕಾ, ಹಳೇ ಮರಳನ್ನು ಚೀಲಕ್ಕೆ ತುಂಬಿ ಹಾಗೇ ತಂದು ಹಾಗೇ ಸುರಿದರು. ಫೌಂಡ್ರಿಯಲ್ಲಿ ಮರಳು ತೊಳೆಯುವ ಪದ್ಧತಿ ಎಲ್ಲಿದೆ? ಆದರೆ ತೊಟ್ಟಿಯ ಮರಳು ಬೇರೆ ಜಾತಿಯದು. ವರ್ಷಗಟ್ಟಲೆ ಮೀನಿನ ಹೊಲಸು, ಉಳಿದ ತಿಂಡಿ ಎಲ್ಲ ಅದರ ಅಡಿಗೆ ಇಳಿದು ಕಪ್ಪಾಗಿ ಕುಳಿತಿರುತ್ತದೆ. ಕೆದಕದೆ ಇದ್ದರೆ ಅದರ ಪಾಡಿಗೆ ಅದು. ಕೆದಕಿದರೆ ಅದೇ ವಿಷ. ಒಂದು ತಾಸಿನಲ್ಲಿ ಮನೆ ತುಂಬ ಕೊಳೆತ ತತ್ತಿಯ ವಾಸನೆ. ಮೇಲಿನ ಮಹಡಿಯಿಂದ ಮನೆಯ ಮಾಲೀಕರು ಮೂಗು ಮುಚ್ಚಿಕೊಂಡು ಇಳಿದುಬಂದರು.

"ಶರಣರು ಅಂತ ಮನಿ ಕೊಟ್ಟೇನ್ರಿ. ಬಂದ ದಿನಾನ ತತ್ತಿ ಕುದಸಾಕತ್ತೀರೇನು?"

"ತತ್ತಿ ಅಲ್ರಿ, ಮರಳು" ಎಂದರು ಕಾಕಾ.

"ಮರಳ್ಯಾಕ ಕುದಸ್ತೀರಿ?"

ಎರಡು ದಿನದಲ್ಲಿ ಐದು ಮೀನುಗಳಲ್ಲಿ ನಾಲ್ಕು ಸತ್ತವು. ಉಳಿದದ್ದು ವಿಭೂತಿಯ ಮೀನೊಂದೇ. ಕಾಕಾ ಒಂದು ವಾರ ಗಡ್ಡ ಬಿಟ್ಟರು. ತಪ್ಪು ಮರಳಿನದೆಂದು ಮಾತ್ರ ಒಪ್ಪಲಿಲ್ಲ. ಕೇಳಿದವರಿಗೆ, "ಹಿಂದವಾಡಿ ಹವಾ ಆಗಿ ಬರಲಿಲ್ಲ" ಎಂದರು. ಹಿಂದವಾಡಿಯ ಹವೆಗೆ ಅಂಥ ಅಪವಾದ ಬಂದದ್ದು ಅದೇ ಮೊದಲಿರಬೇಕು.

ಮರುವರ್ಷ ಕಾಕುವಿಗೆ ಖಾನಾಪುರಕ್ಕೆ ವರ್ಗವಾಯಿತು. ದಿನಾ ಬಸ್ಸಿನಲ್ಲಿ ಹೋಗಿ ಬಂದು ಎರಡು ವರ್ಷ ಕಳೆದರು. ಅಲ್ಲಿಗೇ ಮನೆ ಮಾಡಿದರಾಗದೇ ಎಂದು ನಾವೆಲ್ಲ ಹೇಳಿದೆವು. ಕಾಕಾ ತೊಟ್ಟಿಯ ಕಡೆ ಕೈ ತೋರಿಸುತ್ತಿದ್ದರು. ಇನ್ನೊಂದು ಸಲ ಸಾಗಿಸಿದರೆ ಉಳಿದ ಆ ಒಂದು ಜೀವವೂ ಹೋಗುತ್ತದೆಂಬ ಹೆದರಿಕೆ. ಕಾಕುವೂ ಒತ್ತಾಯ ಮಾಡಲಿಲ್ಲ.

ಒಂದು ಸಂಜೆ ಕಾಕಾ ತರಕಾರಿಗೆ ಹೋದಾಗ, ಕಾಕು ಬಸ್ಸಿಳಿಯುವುದನ್ನು ದೂರದಿಂದ ಕಂಡರಂತೆ. ಇಳಿದವರು ನಡೆಯಲಿಲ್ಲ. ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತು, ಬಹಳ ಹೊತ್ತು ಮೊಣಕಾಲು ತಿಕ್ಕಿಕೊಂಡು, ಆಮೇಲೆ ಎದ್ದು, ಏನೂ ಆಗಿಲ್ಲದವರಂತೆ ಮನೆಯ ಕಡೆ ಹೊರಟರಂತೆ. ಅವತ್ತು ಊಟಕ್ಕೆ ಕುಳಿತಾಗ ಕಾಕಾ, "ಮೀನ ಯಾರಿಗರ ಕೊಟ್ಟಬಿಡ್ತೀನಿ. ಖಾನಾಪುರಕ್ಕ ಹೋಗೂಣು" ಎಂದರು.

ಕಾಕು ರೊಟ್ಟಿ ಮುರಿಯುತ್ತ, "ಸವತಿನ್ನ ಹೊರಗ ಹಾಕಿದ್ಲು ಅಂತ ಮಂದಿ ಕಡಿಂದ ಅನಿಸ್ಕೋಬೇಕೇನು ನಾ? ಅದೂ ಬರತೈತಿ" ಎಂದರು.

ಬರುತ್ತದೆ ಸರಿ, ಹೇಗೆ ಬರಬೇಕು? ಮೀನಿನ ಅಂಗಡಿಯವನನ್ನು ಕೇಳಲು ಕಾಕಾ ಅಣ್ಣನ ಮಗಳಾದ ನನ್ನನ್ನೂ ಕರೆದೊಯ್ದರು. ಅವನು ಒಂದೇ ಮಾತಿನಲ್ಲಿ ಮುಗಿಸಿದ: ಹಳೇ ಮರಳು ಎಸೆಯಿರಿ, ಹೊಸದು ಹಾಕಿ. ಕಾಕಾ ತಮ್ಮ ಫೌಂಡ್ರಿಯ ಪುರಾಣ ಬಿಚ್ಚಿದರು. ಅವನು ಅರ್ಧ ತಾಸು ಕೇಳಿ, ಫೌಂಡ್ರಿ ಬೇರೆ ಇದು ಬೇರೆ ಎಂದು ಮರಾಠಿಯಲ್ಲಿ ನಿಟ್ಟುಸಿರುಬಿಟ್ಟ: "ಕಾಕಾ, ಹೀ ಫೌಂಡ್ರಿ ನಾಹೀ." ಕೊನೆಗೆ, ಎಸೆಯಲೇಬಾರದೆಂದರೆ ನೀರು ತಿಳಿಯಾಗುವವರೆಗೆ ತೊಳೆಯಿರಿ ಎಂದ. ಕಾಕಾನಿಗೆ ಅದೂ ಬೇಡ. ತೊಳೆದರೆ ಮರಳಿನ ಜೀವ ಹೋಗುತ್ತದೆ, ನೀರನ್ನು ಶುದ್ಧವಾಗಿಡುವ ಕಣ್ಣಿಗೆ ಕಾಣದ ಹುಳುಗಳು ಅದರಲ್ಲೇ ಇರುವುದು ಎಂದು ವಾದ. ಅದರಲ್ಲಿ ಸತ್ಯವೂ ಇತ್ತು, ಹಾಗಾಗಿಯೇ ಕಷ್ಟ.

ಗಂಟು ಬಿಡಿಸಿದವರು ಕಾಕು. ಮನೆಗೆ ಮರಳಿದ ಮೇಲೂ ಕಾಕಾನ ವಾದ ನಡೆದೇ ಇತ್ತು; ಅವರು ಬರೀ ಚಹಾದ ಕಪ್ಪು ಎತ್ತಲು ಬಂದಿದ್ದರು.

"ಮೊಸರಿನ ಗಡಿಗಿ ತೊಳಿಯೂದಿಲ್ಲೇನ್ರಿ ನಾವು?"

"ತೊಳೀತೀವಿ."

"ತೊಳದ್ರ ಮನ್ಯಾಗ ಮೊಸರ ಆಗೂದು ನಿಂತೈತೇನು? ಒಂದ ಚಮಚಾ ಹೆಪ್ಪು ತಗದಿಟ್ಟ ತೊಳೀರಿ."

ಕಾಕಾ ಹೆಂಡತಿಯನ್ನು ನೋಡಿದ ಪರಿಯನ್ನು ನೀವು ನೋಡಬೇಕಿತ್ತು. ಮದುವೆಯಾಗಿ ಮೂವತ್ತು ವರ್ಷದ ಮೇಲೆ ಹೆಣ್ಣು ನೋಡಲು ಬಂದವರ ಹಾಗಿತ್ತು.

ಒಂದು ರವಿವಾರ ಹೊರಟೆವು. ಕಾಕಾ ಮೇಲಿನ ಬೆಳ್ಳಗಿನ ಮರಳನ್ನು ಒಂದು ಬಟ್ಟಲಿನಷ್ಟು ಕೆರೆದು, ತೊಟ್ಟಿಯದೇ ನೀರಿನಲ್ಲಿ ಎತ್ತಿಟ್ಟರು. ಉಳಿದದ್ದು ಚೀಲ ಸೇರಿತು. ಸಾಮಾನು ಟೆಂಪೋದಲ್ಲಿ, ಕಾಕಾ ತೊಟ್ಟಿಯ ಕಾವಲಿಗೆ ಅದರಲ್ಲೇ. ಮೀನಿನ ಬಕೆಟ್ಟು ನನ್ನ ಕಾರಿನಲ್ಲಿ ಕಾಕುವಿನ ತೊಡೆಯ ಮೇಲೆ, ಗಾಳಿ ಬಿಡುವ ಸಣ್ಣ ಯಂತ್ರ ಗುಂಯ್ಗುಡುತ್ತ. ದಾರಿಯುದ್ದಕ್ಕೂ, "ಸಾವಕಾಶ ಹೊಡಿ, ಜೀವ ಐತಿ ಇದರಾಗ" ಎನ್ನುತ್ತಿದ್ದರು. ಮುಂದಿನ ಸೀಟಿನಲ್ಲಿದ್ದ ಅತ್ತೆ, "ನಾನೂ ಜೀವಾನ ಇದ್ದೇನಿ" ಎಂದರು. ಯಾರೂ ಗಮನ ಕೊಡಲಿಲ್ಲ.

ಖಾನಾಪುರದ ಮನೆಯ ಹಿತ್ತಲಲ್ಲಿ ನಳವಿತ್ತು. ಕಾಕು ಸೆರಗು ಸಿಕ್ಕಿಸಿ, ಸ್ಟೂಲಿನ ಮೇಲೆ ಕುಳಿತು, ಅಗಲವಾದ ಪರಾತಕ್ಕೆ ಮರಳು ಸುರಿದು, ಜೋಳದಲ್ಲಿ ಹರಳು ಗಾಳಿಸುವ ಹಾಗೆ ಗಾಳಿಸತೊಡಗಿದರು. ಮೊದಲ ನೀರು ಕಾಡಿಗೆ. ಐದನೆಯದು ಚಹಾ. ಎಂಟನೆಯದು ಅಕ್ಕಿ ತೊಳೆದ ನೀರು. ನಡುವೆ ಕಾಕಾ ಒಂದು ಹಿಡಿ ಎತ್ತಿ ಹಿಸುಕಿ, "ಇದರಾಗ ಕಸುವ ಉಳಿದಿಲ್ಲ ಬಿಡು" ಎಂದು ಗೊಣಗಿದರು.

"ಕಸುವ ಇದ್ದಾಗ ನಾಕ ಹೋದೂ" ಎಂದರು ಕಾಕು, ತಲೆ ಎತ್ತದೆ.

ಕಾಕಾ ಹಿಡಿಯಲ್ಲಿದ್ದ ಮರಳನ್ನು ಮೆಲ್ಲಗೆ ಪರಾತದೊಳಗೆ ಬಿಟ್ಟರು. "ಖರೇ. ಹವಾದ್ದೇನೂ ತಪ್ಪಿರಲಿಲ್ಲ" ಎಂದು, ತಾವೂ ಎದುರಿಗೆ ಕುಳಿತು ತೊಳೆಯಹತ್ತಿದರು.

ಹನ್ನೆರಡನೆಯ ನೀರಿಗೆ ಪರಾತದ ತಳ ಕಂಡಿತು. ಕಡೆಯದಾಗಿ ಉಪ್ಪುನೀರಿನಲ್ಲೊಮ್ಮೆ ಜಾಲಿಸಿ, ತೊಟ್ಟಿಗೆ ಹಾಕಿ, ಮೇಲೆ ಹೆಪ್ಪಿನ ಮರಳು ಉದುರಿಸಿದರು. ಸಂಜೆ ಮೀನು ಬಿಟ್ಟರು. ಅದು ಸರ್ರನೆ ಬಂಡೆಯ ಸಂದಿಗೆ ಹೊಕ್ಕು ಅಲ್ಲೇ ಕುಳಿತುಬಿಟ್ಟಿತು. ಮರುದಿನವೂ ಹೊರಬರಲಿಲ್ಲ, ಏನೂ ತಿನ್ನಲಿಲ್ಲ. ಮೂರನೆಯ ದಿನ ಕಾಕಾ ನನಗೆ ಫೋನು ಮಾಡಿ ಅದನ್ನೇ ಹೇಳಿದರು. ಹಿಂದಿನಿಂದ ಕಾಕು, "ಅಂಗಡಿಯವನ್ನ ಕೇಳ ಅನ್ರಿ ಆಕಿಗೆ, ಎಷ್ಟ ದಿನಾ ಉಪಾಸ ತಡೀತೈತಿ ಅಂತ" ಎನ್ನುವುದು ಕೇಳಿಸಿತು.

ಹತ್ತು ದಿನ ಬಿಟ್ಟು ನಾನು ಹೋದಾಗ ಬೆಳಗಿನ ಹತ್ತೂವರೆ. ಕಾಕು ಶಾಲೆಗೆ ಹೋಗಿದ್ದರು. ಕಾಕಾ ತೊಟ್ಟಿಗೆ ಕಾಳು ಉದುರಿಸುತ್ತಿದ್ದರು, ಮೀನು ನೀರಿನ ಮೇಲಕ್ಕೇ ಬಂದು ಗಬಗಬ ನುಂಗುತ್ತಿತ್ತು.

"ಎಂದಿನಿಂದ ತಿನ್ನಾಕತ್ತೈತಿ ಕಾಕಾ?"

"ನಾಕನೇ ದಿನದಿಂದ. ನಿಮ್ಮ ಕಾಕುಗ ಹೇಳಬ್ಯಾಡ."

"ಯಾಕ?"

"ಆಕಿ ಸಾಲಿಂದ ಬಂದಾಕಿ ದಿನಾ ಇದರ ಮುಂದ ಕುಂಡ್ರತಾಳ, ತಿಂತೈತೇನು ಅಂತ ನೋಡಾಕ. ನಾ ಮುಂಜಾನೆ ಹೊಟ್ಟಿ ತುಂಬ ಹಾಕಿಬಿಡ್ತೀನಿ, ಸಂಜಿಗಿ ಅದು ಆಕಿ ಹಾಕಿದ್ದನ್ನ ಮೂಸೂದಿಲ್ಲ." ಡಬ್ಬಿಯ ಮುಚ್ಚಳ ತಿರುವಿ ಬಿಗಿ ಮಾಡಿದರು. "ಸುಮ್ಮನ ಕುಂಡ್ರಾಕ ಆಗೂದಿಲ್ಲಲ್ಲ, ಹಿಂಗಾಗಿ ಸಾಲ್ಯಾಗ ಏನೇನಾತು ಅದಕ್ಕ ಹೇಳ್ತಾಳ. ನಾ ಬಾಜೂಕ ಕುಂತ ಕೇಳ್ತೀನಿ. ಇಷ್ಟ ವರ್ಷದಾಗ ಆಕಿ ಸಾಲಿ ಸುದ್ದಿ ನಾ ಒಮ್ಮಿನೂ ಕೇಳಿದ್ದಿಲ್ಲ ನೋಡವಾ."

ಸಂಜೆ ಕಾಕು ಬಂದರು. ಚಪ್ಪಲಿ ಬಿಟ್ಟವರೇ, ಹೆಗಲ ಚೀಲವನ್ನೂ ಇಳಿಸದೆ, ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕುಳಿತರು. ಪಕ್ಕದ ಕುರ್ಚಿಯಲ್ಲಿ ಕಾಕಾ, ಏನೂ ಅರಿಯದ ಮುಖ ಮಾಡಿಕೊಂಡು. ಕಾಕು ನಾಲ್ಕು ಕಾಳು ಉದುರಿಸಿದರು. ಸಂದಿಯಲ್ಲಿದ್ದ ಮೀನು ಕದಲಲಿಲ್ಲ.

"ನೀ ಮುಂಜಾನೆಯಿಂದ ಇಲ್ಲೇ ಇದ್ದಿ. ಇದು ಏನರ ತಿಂತೇನವಾ?" ಎಂದು ನನ್ನನ್ನು ಕೇಳಿದರು.

ಕಾಕಾ ನನ್ನ ಕಡೆ ನೋಡಲಿಲ್ಲ. ಗಾಜಿನ ಮೇಲಿಲ್ಲದ ಕಲೆಯನ್ನು ಒರೆಸುತ್ತಿದ್ದರು.

"ಇಲ್ಲ ಕಾಕು, ಇನ್ನೂ ಇಲ್ಲ" ಎಂದೆ.

"ಹಂಗಾರ ನಾಳೆನೂ ಕುಂಡ್ರಬೇಕಾತು" ಎಂದು ಕಾಕು ಕಾಲು ಚಾಚಿ, ಗಾಜಿನ ಕಡೆ ಬಾಗಿ, "ಇವತ್ತ ಏನಾತಂದ್ರ..." ಎಂದು ಶುರುಮಾಡಿದರು.