ಗಡಿಯ ಸುದ್ದಿ, ಗೋಡೆಯಾಚೆಯ ರೇಡಿಯೋ

ತನಗೆ ಮುಂಗೋಪ ಎಂದು ಒಪ್ಪಿಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕೆಲವರು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ತಿಂಡಿಪೋತನೆಂದು ನಗುತ್ತ ಒಪ್ಪಿಕೊಳ್ಳುವವರೂ ಉಂಟು. ಆದರೆ 'ನನಗೆ ಹೊಟ್ಟೆಕಿಚ್ಚು ಕಣ್ರೀ' ಎಂದು ಬಾಯಿಬಿಟ್ಟು ಹೇಳಿದ ಒಬ್ಬರನ್ನೂ ಇದುವರೆಗೆ ಕಂಡಿಲ್ಲ. ಆ ಕೆಲಸವನ್ನು ನಾನೇ ಮಾಡಿಬಿಡುತ್ತೇನೆ. ಚೀನಾದವರು ನಮ್ಮ ಗಡಿಯೊಳಕ್ಕೆ ನುಗ್ಗಿದ ವರ್ಷ, ಇಡೀ ದೇಶ ಚೀನಾದ ಮೇಲೆ ಉರಿದುಬೀಳುತ್ತಿದ್ದಾಗ, ಮೈಸೂರಿನ ಕೃಷ್ಣಮೂರ್ತಿಪುರದ ಒಂದು ಅಡ್ಡರಸ್ತೆಯಲ್ಲಿ ನಾನೊಬ್ಬ ಮಾತ್ರ ಪಕ್ಕದ ಮನೆಯ ಬಸಪ್ಪನವರ ಮೇಲೆ ಉರಿಯುತ್ತಿದ್ದೆ.

ನಾನು ಆಗ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ನಮ್ಮ ರಸ್ತೆಯಲ್ಲಿ ಪತ್ರಿಕೆ ತರಿಸುತ್ತಿದ್ದುದು ನಮ್ಮ ಮನೆಗೆ ಮಾತ್ರ. ಬೆಳಿಗ್ಗೆ ಸ್ನಾನ ಮುಗಿಸಿ, ಜಗಲಿಯ ಮೇಲೆ ಕುಳಿತು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಎದುರುಮನೆಯ ನಿವೃತ್ತ ಶಿರಸ್ತೇದಾರರು ಬರುತ್ತಿದ್ದರು, ಮೂಲೆಯಂಗಡಿಯ ದರ್ಜಿ ಬರುತ್ತಿದ್ದ, ಹಾಲು ಹಾಕಲು ಬಂದ ನಿಂಗಮ್ಮ ಕ್ಯಾನು ಕೆಳಗಿಟ್ಟು ಕಂಬಕ್ಕೊರಗಿ ನಿಲ್ಲುತ್ತಿದ್ದಳು. ನಾನು ಬರಿಯ ಓದಿ ಸುಮ್ಮನಾಗುವವನಲ್ಲ. ಸ್ಕೂಲಿನವರು ಬೇಡವೆಂದು ಬಿಸಾಡಿದ್ದ ಏಷ್ಯಾ ಭೂಪಟವೊಂದನ್ನು ತಂದು ಜಗಲಿಯ ಗೋಡೆಗೆ ನೇತುಹಾಕಿದ್ದೆ. ಅದರಲ್ಲಿ ಹಿಮಾಲಯದ ಬಹುಭಾಗವನ್ನು ಜಿರಲೆ ತಿಂದಿತ್ತು. ಎರಡು ದೇಶಗಳು ಯಾವ ಜಾಗಕ್ಕೆ ಬಡಿದಾಡುತ್ತಿದ್ದವೋ ಸರಿಯಾಗಿ ಅಲ್ಲೇ ತೂತು. ಆ ತೂತಿನ ಸುತ್ತ ರೂಲುದೊಣ್ಣೆ ಆಡಿಸುತ್ತ, ರಷ್ಯಾ ಯಾಕೆ ಇಬ್ಬರಿಗೂ ಮುಖ ಕೊಡುತ್ತಿಲ್ಲ, ಅಮೆರಿಕ ಯಾಕೆ ಬಂದೂಕು ಕಳಿಸಲು ಅಷ್ಟೊಂದು ಉತ್ಸಾಹ ತೋರಿಸುತ್ತಿದೆ, ಇಬ್ಬರು ದೊಡ್ಡಗೌಡರ ಜಗಳದಲ್ಲಿ ನಮ್ಮಂಥವರು ಹೇಗೆ ನಡೆದುಕೊಳ್ಳಬೇಕು ಎಂದೆಲ್ಲ ವಿವರಿಸುತ್ತಿದ್ದೆ. ದೆಹಲಿಯವರು ಈ ಮೇಷ್ಟ್ರ ಸಲಹೆ ಯಾಕೆ ಕೇಳಿಲ್ಲ ಎಂದು ಶಿರಸ್ತೇದಾರರು ಒಮ್ಮೆ ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು.

ನಿಂಗಮ್ಮನಿಗೆ ಮಾತ್ರ ಇದು ಹೊತ್ತು ಕಳೆಯುವ ಮಾತಾಗಿರಲಿಲ್ಲ. ಕಡಕೊಳದ ಕಡೆಯವಳು, ಗಂಡ ಸತ್ತಮೇಲೆ ಎರಡೆಮ್ಮೆ ಕಟ್ಟಿಕೊಂಡು ಬದುಕುತ್ತಿದ್ದಳು. ಒಬ್ಬನೇ ಮಗ ಪುಟ್ಟಸ್ವಾಮಿ ಸೈನ್ಯ ಸೇರಿದ್ದ. ತಿಂಗಳಿಗೊಂದು ಕಾಗದ ಬರುತ್ತಿತ್ತು, ಈಗ ನಿಂತುಹೋಗಿತ್ತು. ದಿನವೂ ಪತ್ರಿಕೆ ಮಡಿಸುವ ಹೊತ್ತಿಗೆ, "ನಮ್ ಪುಟ್ಸಾಮಿ ವಿಸ್ಯ ಏನಾರ ಬಂದದಾ ಮೇಷ್ಟ್ರೇ?" ಎಂದು ಕೇಳುವಳು. ಒಬ್ಬೊಬ್ಬ ಸಿಪಾಯಿಯ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ ಎಂದು ನಾನು ದಿನವೂ ಹೇಳುವೆ.

ಒಂದು ದಿನ ಅವಳು ಭೂಪಟದ ತೂತನ್ನೇ ನೋಡುತ್ತ ನಿಂತಳು. "ಅಲ್ಲಿ ಜನ ಇಲ್ವಾ?"

"ಇದಾರಮ್ಮ. ಗುಡ್ಡಗಾಡಿನ ಜನ."

"ಅವ್ರು ಯಾರ್ ಕಡೆ ಇರ್ತೀವಿ ಅಂದವ್ರೆ? ಯಾರಾರ ಕೇಳುದ್ರಾ?"

ನಾನು ಪತ್ರಿಕೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಪೀಕಿಂಗಿನವರು ಹೇಳಿದ್ದಿತ್ತು, ದೆಹಲಿಯವರು ಹೇಳಿದ್ದಿತ್ತು, ಮಾಸ್ಕೋದವರು ಹೇಳದೆ ಬಿಟ್ಟಿದ್ದೂ ಇತ್ತು. ಆ ಬೆಟ್ಟದ ಮೇಲಿರುವವರು ಹೇಳಿದ್ದು ಎಲ್ಲೂ ಇರಲಿಲ್ಲ. "ನಾಳೆ ಹೇಳ್ತೀನಿ" ಎಂದೆ. ಉತ್ತರ ಗೊತ್ತಿಲ್ಲದಾಗ ಮೇಷ್ಟ್ರುಗಳೆಲ್ಲ ಹಾಗೇ ಹೇಳುವುದು.

ಹೀಗೆ ನನ್ನ ರಾಜ್ಯಭಾರ ನಡೆಯುತ್ತಿರುವಾಗ ಬಸಪ್ಪನವರು ರೇಡಿಯೋ ತಂದರು. ಅವರದು ಬೆಲ್ಲದ ಮಂಡಿ. ಹಣೆಯ ತುಂಬ ವಿಭೂತಿ, ಮೆತ್ತನೆಯ ಮಾತು, ಇರುವೆಗೂ ದಾರಿ ಬಿಡುವ ಮನುಷ್ಯ. ಟ್ರಂಕಿನಷ್ಟು ದೊಡ್ಡ ರೇಡಿಯೋವನ್ನು ನಡುಮನೆಯಲ್ಲಿ ಇಟ್ಟು, ಏರಿಯಲ್ ತಂತಿ ಕಟ್ಟಲು ಎತ್ತರದ ಜಾಗ ಬೇಕೆಂದು ನನ್ನನ್ನೇ ಕೇಳಿದರು. ನಾನು ದೊಡ್ಡ ಮನಸ್ಸು ಮಾಡಿ ನಮ್ಮ ತೆಂಗಿನಮರಕ್ಕೆ ಕಟ್ಟಿಕೊಳ್ಳಿ ಎಂದೆ. ಎರಡನೆಯ ದಿನವೇ, ನಾನು ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಓದುತ್ತಿದ್ದಂತೆ ಶಿರಸ್ತೇದಾರರು ಎದ್ದು ನಿಂತರು. "ಇದನ್ನ ನೆನ್ನೆ ಸಾಯಂಕಾಲಾನೇ ಕೇಳ್ಬುಟ್ವಲ್ಲ ಮೇಷ್ಟ್ರೇ!"

ಆ ಮಾತು ನನಗೆ ನಾಟಿದಷ್ಟು ಗಡಿಯ ಯಾವ ಗುಂಡೂ ಯಾರಿಗೂ ನಾಟಿರಲಾರದು ಎಂದು ಆಗ ಅನ್ನಿಸಿತ್ತು. ಹಾಗೆ ಅನ್ನಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಸಾಯಂಕಾಲ ದೆಹಲಿಯ ಕನ್ನಡ ವಾರ್ತೆಯ ಹೊತ್ತಿಗೆ ರಸ್ತೆಗೆ ರಸ್ತೆಯೇ ಅವರ ನಡುಮನೆಯಲ್ಲಿ. ಬಂದವರಿಗೆಲ್ಲ ಬಸಪ್ಪನವರ ಹೆಂಡತಿ ಕಡ್ಲೆಪುರಿ, ಕಾಫಿ ಕೊಡುತ್ತಿದ್ದರು. ನನ್ನ ಹತ್ತಿರ ಇದ್ದುದು ಜಿರಲೆ ತಿಂದ ಭೂಪಟ. ಬಸಪ್ಪನವರು ದಿನಾ ಗೋಡೆಯ ಮೇಲಿನಿಂದ ಕರೆಯುತ್ತಿದ್ದರು: "ಬನ್ನಿ ಮೇಷ್ಟ್ರೇ, ನೀವಿಲ್ದಿದ್ರೆ ನಮ್ಗೆ ಅರ್ಥ ಹೇಳೋರೇ ಇಲ್ಲ." ನಾನು ಪರೀಕ್ಷೆಯ ಪತ್ರಿಕೆ ತಿದ್ದುವುದಿದೆ ಎನ್ನುವೆ. ಆಮೇಲೆ ಗೋಡೆಯ ಪಕ್ಕದ ಗಿಡದಲ್ಲಿ ಕರಿಬೇವು ಬಿಡಿಸುವವನ ಹಾಗೆ ನಿಂತು ಪೂರ್ತಿ ವಾರ್ತೆ ಕೇಳಿಕೊಂಡು ಬರುವೆ. ನಾಲ್ಕನೆಯ ದಿನ ನನ್ನ ಹೆಂಡತಿ ಗೌರಿ ನನ್ನ ಕೈಯಲ್ಲಿದ್ದ ರಾಶಿಯನ್ನೂ, ಬೋಳಾದ ಗಿಡವನ್ನೂ ನೋಡಿದಳು. "ಸಾರಿಗೆ ಇಷ್ಟು ಸಾಕು ಕಣ್ರೀ. ನಾಳೆ ವಾರ್ತೆಗೆ ಬೇರೆ ಗಿಡ ಹುಡುಕ್ಕೊಳ್ಳಿ."

ನನ್ನ ಜಗಲಿಗೆ ನಿಷ್ಠಳಾಗಿ ಉಳಿದವಳು ನಿಂಗಮ್ಮ ಒಬ್ಬಳೇ. ನಿಷ್ಠೆಯೆಂದು ನಾನು ತಿಳಿದುಕೊಂಡಿದ್ದೆ. ಅವಳು ಬೆಳಿಗ್ಗೆ ನನ್ನಲ್ಲಿ ಕೇಳುತ್ತಿದ್ದಳು, ಸಾಯಂಕಾಲ ಅಲ್ಲಿ ಕೇಳುತ್ತಿದ್ದಳು. ಒಂದು ಬೆಳಿಗ್ಗೆ ಮುಖ ಬಾಡಿಸಿಕೊಂಡು ಬಂದಳು. "ಸಾವ್ಕಾರ್ರ ರೇಡಿಯೋದಲ್ಲಿ, ನಮ್ಮೋರು ಠಾಣ್ಯ ಬುಟ್ಟು ಇಂದಕ್ ಬಂದ್ರು ಅಂದ್ರು. ನಿಮ್ ಪೇಪರ್ನಾಗೆ ಏನದೆ?"

ಪತ್ರಿಕೆಯಲ್ಲಿ 'ನಮ್ಮ ಯೋಧರ ದಿಟ್ಟ ಹೋರಾಟ' ಎಂದು ದಪ್ಪಕ್ಷರದಲ್ಲಿತ್ತು. ಅದು ರೇಡಿಯೋ ವಾರ್ತೆಗಿಂತ ಮೊದಲಿನ ಸುದ್ದಿ ಎಂದು ನನಗೆ ಗೊತ್ತಿತ್ತು. ಅಷ್ಟು ಹೇಳಬಹುದಿತ್ತು. ಆದರೆ 'ಸಾವ್ಕಾರ್ರ ರೇಡಿಯೋ' ಎಂಬ ಮಾತು ಕಿವಿಗೆ ಬಿದ್ದಮೇಲೆ ನನ್ನ ಬುದ್ಧಿ ನನ್ನ ಹತ್ತಿರ ಇರಲಿಲ್ಲ. "ಗಾಳೀಲಿ ಬರೋದು ಗಾಳಿಮಾತು ಕಣಮ್ಮ. ಇದು ಅಚ್ಚಾಗಿರೋದು. ಠಾಣ್ಯ ನಮ್ಮ ಕೈಲೇ ಇದೆ" ಎಂದುಬಿಟ್ಟೆ.

ಅವಳು ನನ್ನ ಮುಖವನ್ನೇ ನೋಡಿದಳು. "ನಾನು ಆಲ್ ಮಾರೋಳು ಮೇಷ್ಟ್ರೇ. ಎಷ್ಟ್ ನೀರ್ ಬೆರ್ಸವ್ರೆ ಅಂತ ಕುಡಿಯೋರ್ಗಿಂತ ನಂಗೆ ಚೆನ್ನಾಗ್ ಗೊತ್ತಾಯ್ತದೆ. ಎಲ್ರೂ ಬೆರುಸ್ತಾರೆ. ಯಾರ್ದು ಕಮ್ಮಿ ಅಂತ ನೋಡ್ತಾ ಇವ್ನಿ, ಅಷ್ಟೆಯ."

ಮಾರನೆಯ ದಿನದ ಪತ್ರಿಕೆಯಲ್ಲಿ ನಮ್ಮವರು ಹಿಂದೆ ಸರಿದ ಸುದ್ದಿ ಅಚ್ಚಾಗಿತ್ತು. ಆ ಪುಟವನ್ನು ಹಾರಿಸಿ ನಾನು ಸಂಪಾದಕೀಯ ಓದಿದೆ. ಅದು ಮುಗಿಯುವ ಮೊದಲೇ ನಿಂಗಮ್ಮ ಕ್ಯಾನು ಎತ್ತಿಕೊಂಡು ಹೋದಳು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯಲ್ಲಿ ನನಗೆ ಸ್ವಲ್ಪವಾದರೂ ಮರ್ಯಾದೆ ಉಳಿಯುತ್ತಿತ್ತು. ಆ ವಾರ ಕ್ಷೌರದಂಗಡಿಯಲ್ಲಿ ಕುಳಿತಿದ್ದಾಗ ಯಾರೋ ಬಸಪ್ಪನವರ ರೇಡಿಯೋವನ್ನು ಹೊಗಳಿದರು. ಕೆನ್ನೆಗೆ ಸೋಪು ಹಚ್ಚಿಸಿಕೊಂಡಿದ್ದ ನಾನು, "ಹೌದು, ಅದರಲ್ಲಿ ಪೀಕಿಂಗೂ ಬರುತ್ತೆ" ಎಂದೆ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕರಿಬೇವಿನ ಗಿಡದ ಹತ್ತಿರ ನಿಂತಿದ್ದಾಗ ನಾನೇ ಕೇಳಿದ್ದೆ: ಬಸಪ್ಪನವರು ತಿರುಪು ತಿರುಗಿಸುವಾಗ ಎಲ್ಲಿಂದಲೋ ಒಂದು ಹೆಂಗಸಿನ ದನಿ ಹಿಂದಿಯಲ್ಲಿ 'ಪೀಕಿಂಗ್' ಎಂದಿತು, ಅವರು ಹಾವು ಮೆಟ್ಟಿದವರಂತೆ ಬೆಚ್ಚಿ ರೇಡಿಯೋ ಆರಿಸಿಬಿಟ್ಟರು. ಆರಿಸಿದ ವಿಷಯವನ್ನು ನಾನು ಅಂಗಡಿಯಲ್ಲಿ ಹೇಳಲಿಲ್ಲ, ಅಷ್ಟೆ. ಉಳಿದದ್ದನ್ನು ಊರು ನೋಡಿಕೊಂಡಿತು. ಮಾತು ಅಗ್ರಹಾರ ದಾಟುವ ಹೊತ್ತಿಗೆ ಬಸಪ್ಪನವರು ಚೀನಾದವರಿಗೆ ಸುದ್ದಿ ಕಳಿಸುವ ಯಂತ್ರ ಇಟ್ಟುಕೊಂಡಿದ್ದರು.

ಮೂರನೆಯ ದಿನ ಅವರ ಮನೆಗೆ ಒಬ್ಬ ಪೊಲೀಸ್ ದಫೇದಾರ ಬಂದ. ಬಸಪ್ಪನವರು ರೇಡಿಯೋ ಲೈಸೆನ್ಸಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ತೋರಿಸಿದರು. ಅವರ ಹೆಂಡತಿ ಬಾಗಿಲ ಹಿಂದೆ ಅಳುತ್ತಿದ್ದರು. ಗೋಡೆಯಾಚೆ ನಿಂತಿದ್ದ ನನ್ನನ್ನು ಕಂಡು ಬಸಪ್ಪನವರ ಮುಖ ಅರಳಿತು. "ನಮ್ ಮೇಷ್ಟ್ರನ್ನ ಕೇಳಿ ಸ್ವಾಮಿ. ವಿದ್ಯಾವಂತರು. ಅವರು ಹೇಳಿದ್ಮೇಲೆ ಮುಗೀತು."

ಅಪರಾಧಿಯನ್ನೇ ಸಾಕ್ಷಿಗೆ ಕರೆದಿದ್ದರು. ಅವರು ದೇವರಂಥ ಮನುಷ್ಯ, ಅಕಸ್ಮಾತ್ತಾಗಿ ಆ ಸ್ಟೇಷನ್ನು ಬಂದಾಗ ಕೂಡಲೇ ಆರಿಸಿದರು, ನಾನೇ ಕೇಳಿದ್ದೇನೆ ಎಂದೆ. ದಫೇದಾರ ಪುಸ್ತಕ ಹಿಂದಕ್ಕೆ ಕೊಡುತ್ತ, "ಅಂಗಾದ್ರೆ ಈ ಪುಕಾರು ಎಬ್ಸಿದ್ದು ಯಾವನ್ರೀ?" ಎಂದ.

"ಯಾರೋ ಮನೆಹಾಳ" ಎಂದೆ. ಆ ತಿಂಗಳಲ್ಲಿ ನಾನು ಕೊಟ್ಟ ಸುದ್ದಿಗಳಲ್ಲಿ ನೀರು ಬೆರೆಸದೆ ಕೊಟ್ಟದ್ದು ಅದೊಂದೇ.

ಬಸಪ್ಪನವರು ನನ್ನ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದು ಕಾಫಿ ಕೊಡಿಸಿದರು. ಒಳ್ಳೆಯ ಕಾಫಿ. ಅರ್ಧ ಕುಡಿದು ಲೋಟ ಕೆಳಗಿಟ್ಟೆ. ಅಂದಿನಿಂದ ಅವರು ಭಯಕ್ಕೆ ರೇಡಿಯೋ ಹಾಕುವುದನ್ನೇ ಬಿಟ್ಟರು. ನನಗೆ ಸಂತೋಷವಾಗಬೇಕಿತ್ತು, ಒಂದು ದಿನದ ಮಟ್ಟಿಗೆ ಆಯಿತೆಂದೂ ಒಪ್ಪಿಕೊಳ್ಳುತ್ತೇನೆ. ಆದರೆ ಸಾಯಂಕಾಲ ನಿಂಗಮ್ಮ ಬಂದು ಅವರ ಮೆಟ್ಟಿಲ ಮೇಲೆ ಕುಳಿತು, ವಾರ್ತೆಯ ಹೊತ್ತು ಮೀರುವವರೆಗೆ ಆ ಮೂಕ ರೇಡಿಯೋದ ಕಡೆ ನೋಡಿ, ಸೆರಗು ಕೊಡವಿಕೊಂಡು ಎದ್ದು ಹೋಗುವಳು. ನಾಲ್ಕು ದಿನ ನೋಡಿದೆ. ಐದನೆಯ ದಿನ ನಾನೇ ಬಸಪ್ಪನವರ ನಡುಮನೆಗೆ ಹೋಗಿ, "ಹಾಕಿ ಸಾವ್ಕಾರ್ರೇ, ಯಾರು ಏನಂತಾರೆ ನೋಡೋಣ" ಎಂದು ಪಕ್ಕದಲ್ಲಿ ಕುಳಿತೆ. ನಾನೊಬ್ಬ ಧೈರ್ಯವಂತನೆಂದು ಶಿರಸ್ತೇದಾರರು ಎಲ್ಲರಿಗೂ ಹೇಳಿದರು. ನಾನು ತಿದ್ದಲಿಲ್ಲ.

ಕೊನೆಗೆ ಕದನ ನಿಂತಿತು. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ನಿಂಗಮ್ಮ ಹಾಲಿನ ಕ್ಯಾನಿಲ್ಲದೆ ಬಂದಳು. ಕೈಯಲ್ಲಿ ಕಾಗದ. "ಓದಿ ಮೇಷ್ಟ್ರೇ." ನನಗೆ ಎಷ್ಟು ಹಿಗ್ಗಾಯಿತೆಂದರೆ, ಗೌರಿಯನ್ನೂ ಹೊರಗೆ ಕರೆದೆ. ಕಾಗದ ಓದುವ ರೇಡಿಯೋವನ್ನು ಇನ್ನೂ ಯಾರೂ ಮಾಡಿಲ್ಲವಲ್ಲ!

ಪುಟ್ಟಸ್ವಾಮಿ ಆಸ್ಪತ್ರೆಯಲ್ಲಿದ್ದ. ಹಿಮದಲ್ಲಿ ನಡೆದು ಬಂದಿದ್ದರಿಂದ ಎಡಗಾಲಿನ ಎರಡು ಬೆರಳು ತೆಗೆದಿದ್ದರು. ನಡೆಯಬಲ್ಲೆ, ಗಾಬರಿಯಾಗಬೇಡ, ರಜೆ ಸಿಕ್ಕ ಕೂಡಲೇ ಬರುತ್ತೇನೆ ಎಂದು ಬರೆದಿದ್ದ. ನನ್ನ ಗಂಟಲು ಕಟ್ಟಿತು. ಕೊನೆಯ ಸಾಲಿಗೆ ಬಂದೆ: 'ಹೊರಡುವಾಗ ಬೆಲ್ಲ ಕಟ್ಟಿಕೊಟ್ಟ ಬಸಪ್ಪ ಸಾವ್ಕಾರರಿಗೆ ನನ್ನ ನಮಸ್ಕಾರ ತಿಳಿಸು.' ಅಷ್ಟೇ. ನನ್ನ ಹೆಸರಿಲ್ಲ. ಕಟ್ಟಿದ್ದ ಗಂಟಲು ತಾನಾಗಿ ಬಿಚ್ಚಿಕೊಂಡಿತು. "ಭೂಗೋಳದ ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸು" ಎಂದು ಸ್ಪಷ್ಟವಾಗಿ ಓದಿ ಕಾಗದ ಮಡಿಸಿದೆ.

ನಿಂಗಮ್ಮ ಕಣ್ಣೊರೆಸಿಕೊಂಡಳು. "ಅಷ್ಟೇನಾ?"

"ಅಷ್ಟೇ."

"ನೆನ್ನೆ ಸಾಯಂಕಾಲ ಸಾವ್ಕಾರ್ರು ಓದ್ದಾಗ 'ಮೇಷ್ಟ್ರಿಗೂ ಸಾವ್ಕಾರ್ರಿಗೂ ನಮಸ್ಕಾರ' ಅಂತಿತ್ತು. ನಿಮ್ ಎಸ್ರೇ ಮೊದ್ಲು ಓದುದ್ರು."

ನಾನು ಭೂಪಟದ ಕಡೆ ತಿರುಗಿದೆ. ಅವಳು ಕಾಗದವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಓಗ್ಲಿ ಬುಡಿ. ಮಗ ಬದುಕವ್ನೆ ಅಂತ ಇಬ್ರೂ ಓದುದ್ರಿ. ಅದು ದಿಟ." ಹಾಗೆಂದು ಎಮ್ಮೆಗೆ ಹೊತ್ತಾಯಿತೆಂದು ಹೊರಟೇಹೋದಳು.

ಗೌರಿ ಒಳಗೆ ನಡೆದಳು. ನಾನು ಜಗಲಿಯ ಮೇಲೆ ಒಬ್ಬನೇ ಕುಳಿತು ಯೋಚಿಸಿದೆ. ಇಲ್ಲದ ನನ್ನ ಹೆಸರನ್ನು ಸೇರಿಸಿ, ಅದನ್ನು ತನ್ನ ಹೆಸರಿಗಿಂತ ಮುಂದಿಟ್ಟು, ಕಾಗದದಲ್ಲಿ ಹಾಗೇ ಇದೆಯೆಂಬಂತೆ ಓದುವುದು ಬೆಲ್ಲದ ಮಂಡಿಯವರಿಗೆ ಹೇಗೆ ಹೊಳೆಯಿತು? ಅಷ್ಟು ವರ್ಷ ಓದಿ, ಓದಿಸಿ, ಊರಿಗೆಲ್ಲ ಅರ್ಥ ಹೇಳಿದ ನನಗೆ ಯಾಕೆ ಹೊಳೆಯಲಿಲ್ಲ? ಅಲ್ಲಿಯವರೆಗೆ ಬಸಪ್ಪನವರ ರೇಡಿಯೋ ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದೆ; ಅವತ್ತಿನಿಂದ, ಹಾಳಾದ್ದು, ಅವರು ಹೇಳಿದ ಸುಳ್ಳು ಕಂಡೂ ಉರಿದುಕೊಳ್ಳಬೇಕಾಯಿತು.