ಪಾರ್ಕಿನ ಒಲೆಗೆ ಬಂದ ಹೊಸ ಯಜಮಾನರಿಗೆ

ಮಾನ್ಯ ಪಾವತಿ ಯಂತ್ರದವರೇ,

ವಾಲೂಂಬಾ ಹೊಳೆದಂಡೆಯ ಪಾರ್ಕಿನಲ್ಲಿ ಎಲ್ಲರೂ ಪುಕ್ಕಟೆಯಾಗಿ ಸಾಸೇಜು ಬೇಯಿಸಿಕೊಳ್ಳುತ್ತಿದ್ದ ಬಾರ್ಬೆಕ್ಯೂ ಒಲೆಗೆ ತಾವು ಬಂದು ಅಂಟಿಕೊಂಡು ಒಂದು ಬೇಸಿಗೆಯೇ ಕಳೆದರೂ ಸ್ವಾಗತದ ಒಂದು ಮಾತನ್ನೂ ಆಡದೆ ಉಳಿದದ್ದಕ್ಕೆ ಕ್ಷಮೆಯಿರಲಿ. ನಮ್ಮಂಥ ಮಧ್ಯಮ ವರ್ಗದ ಮನೆಯೊಡೆಯರ ತೆರಿಗೆ ಇಳಿಸಲು ಕೌನ್ಸಿಲ್ಲಿಗೆ ಹಣ ಬೇಕಾಗಿತ್ತೆಂದೂ, ಅದನ್ನು ದುಡಿದು ಕೊಡುವ ಭಾರವನ್ನು ತಮ್ಮ ಪುಟ್ಟ ಹೆಗಲಿಗೆ ಹೊರಿಸಿದ್ದಾರೆಂದೂ ತಿಳಿದಾಗಿನಿಂದ ಕೃತಜ್ಞತೆಯಿಂದ ನನಗೆ ಊಟ ಸೇರುತ್ತಿಲ್ಲ. ಕಾರ್ಡು ಮುಟ್ಟಿಸದೆ ಕಾವಲಿ ಕಾಯಗೊಡದ ತಮ್ಮ ನಿಷ್ಠೆಯನ್ನು ಮೆಚ್ಚಲೇಬೇಕು.

ತೊಡಕಾಗಿರುವುದು ಡೆಸ್ ಫೆರಿಯರ್ ಅವರಿಂದ. ಹೆಂಡತಿ ತೀರಿಕೊಂಡ ಮೇಲೆ ಬಾಡಿಗೆ ಕೋಣೆಯಲ್ಲಿರುವ ಈ ನಿವೃತ್ತ ಪ್ಲಂಬರಿಗೆ ಸ್ವಂತ ಮನೆಯಿಲ್ಲ, ಹಾಗಾಗಿ ರಿಯಾಯಿತಿಯೂ ಇಲ್ಲ. ಕಾರ್ಡೂ ಇಲ್ಲ, ಜೇಬಿನಲ್ಲಿರುವ ಚಿಲ್ಲರೆಯನ್ನು ತಾವು ಮೂಸಿಯೂ ನೋಡುವುದಿಲ್ಲ. ಅವರು ನಾಲ್ಕು ಜನರ ಜೊತೆ ಕೂತು ಉಣ್ಣುತ್ತಿದ್ದುದು ಭಾನುವಾರ ಈ ಒಲೆಯ ಬಳಿ ಮಾತ್ರ. ನಾನು ನನ್ನ ಕಾರ್ಡು ಚಾಚಿದರೆ, "ನಿನ್ ತೆರಿಗೆ ಇಳಿಸೋಕೆ ನಾನು ಕಾಸು ಕೊಡ್ಬೇಕು, ಆ ಕಾಸನ್ನ ನೀನೇ ನಂಗೆ ಕೊಡ್ತೀಯ. ಇದ್ಯಾವ ಸೀಮೆ ಲೆಕ್ಕ ಮಾರಾಯ್ತಿ?" ಎಂದು ಹಸಿ ಸಾಸೇಜಿನ ಪೊಟ್ಟಣ ಹಿಡಿದು ಹೊರಟೇಬಿಟ್ಟರು. ಆಮೇಲೆ ಬರಲಿಲ್ಲ. ನನಗೆ ನಾಚಿಕೆಯಾಯಿತು, ತಮಗೆ ಆ ಸೌಲಭ್ಯ ಜೋಡಿಸಿದ್ದಾರೋ ಇಲ್ಲವೋ ತಿಳಿಯದು.

ಇಲ್ಲಿನ ಹಳೆಯ ರೂಢಿಯೊಂದನ್ನು ತಮಗೆ ಯಾರೂ ಹೇಳಿಕೊಟ್ಟಂತಿಲ್ಲ. ಬೇಯಿಸಿ ಮುಗಿಸಿದವರು ಕಾವಲಿ ಕೆರೆದು ಒರೆಸಿ, ಮುಂದೆ ಬರುವವರು ಕಾಯುತ್ತ ನಿಲ್ಲಬಾರದೆಂದು ಒಲೆಯ ಗುಂಡಿಯನ್ನು ಇನ್ನೊಮ್ಮೆ ಒತ್ತಿ ಹೋಗುತ್ತಿದ್ದರು. ಮೊನ್ನೆಯೊಂದು ಭಾನುವಾರ ಪಕ್ಕದ ಮನೆಯ ತಾಲಿಯಾ ಕಾವಲಿ ಒರೆಸಿದವಳೇ ಅಭ್ಯಾಸಬಲದಿಂದ ಗುಂಡಿಗೆ ಬದಲು ತಮಗೆ ಮತ್ತೊಮ್ಮೆ ಕಾರ್ಡು ಮುಟ್ಟಿಸಿಬಿಟ್ಟಳು. "ಥತ್, ಕೈ ತಾನೇ ಹೋಯ್ತು" ಎಂದು ಅವಳು ಹಣೆ ಚಚ್ಚಿಕೊಳ್ಳುವಾಗ, ಅಂಗಡಿಯ ಚೀಲ ಹಿಡಿದು ಅತ್ತ ಹಾದುಹೋಗುತ್ತಿದ್ದ ಡೆಸ್ ನಿಂತರು. ಬರಿದೇ ಕಾಯುತ್ತಿದ್ದ ಕಾವಲಿಯನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. "ಕರೆಂಟು ದಂಡ ಮಾಡ್ತೀರಲ್ಲ, ಸರೀರಿ ಆಚೆ" ಎಂದು ಗದರಿ ಚೀಲದಿಂದ ಸಾಸೇಜು ತೆಗೆದು ಹಾಕಿದರು, ಈರುಳ್ಳಿಯನ್ನೂ ಹೆಚ್ಚಿದರು.

ಅಂದಿನಿಂದ ಈ ಮರೆವು ಕೇರಿಗೆಲ್ಲ ಅಂಟಿಕೊಂಡಿದೆ. ಹೋಗುವವರೆಲ್ಲ ತಪ್ಪದೆ ತಪ್ಪು ಮಾಡುತ್ತಾರೆ, ಡೆಸ್ ಎಲ್ಲರ ಕಾವಲಿಯನ್ನೂ ಬೈಯುತ್ತಲೇ ಕೆರೆದುಕೊಡುತ್ತಾರೆ, ನಮಗೆ ದಯಪಾಲಿಸಿದ ರಿಯಾಯಿತಿ ತಮ್ಮ ಹೊಟ್ಟೆಗೇ ಮರಳುತ್ತದೆ. ತಾವೂ ಆಗಾಗ ಕರ್ತವ್ಯ ಮರೆತು ಸುಮ್ಮನೆ ಒಲೆ ಹೊತ್ತಿಸಬೇಕೆಂದೂ, ಬ್ರೆಡ್ಡು ಕದಿಯುವ ಐಬಿಸ್ ಹಕ್ಕಿಗಳನ್ನು ಓಡಿಸಬೇಕೆಂದೂ, ಬಿಡುವಾದಾಗ ಡೆಸ್ ಅವರ ಮಂಡಿನೋವನ್ನು ವಿಚಾರಿಸಬೇಕೆಂದೂ ಕೋರುತ್ತೇನೆ.

ಕಾದ ಕಾವಲಿಯ ಪಕ್ಕದಿಂದ,
ತಮ್ಮ ವಿಶ್ವಾಸಿ,
ಲೊರೇನ್ ಕವಾನಾ

ತಾ.ಕ.: ತೆರಿಗೆ ಇಳಿಕೆಯ ಫೋಟೋ ತೆಗೆಸಿಕೊಳ್ಳಲು ನಿನ್ನೆ ಮೇಯರ್ ಸಾಹೇಬರು ಇಲ್ಲಿಗೆ ಬಂದಿದ್ದರು. ತಾಲಿಯಾ ಬಿಟ್ಟುಹೋದ ಬಿಸಿಯಲ್ಲಿ ಸಾಸೇಜು ಬೇಯಿಸಿ ತಿಂದು, ಕಾವಲಿ ಕೆರೆಯದೆ, ತಮಗೆ ಕಾರ್ಡೂ ಮುಟ್ಟಿಸದೆ ಹೊರಟುಹೋದರು. ಡೆಸ್ ಕಾವಲಿ ಕೆರೆಯುತ್ತ ಹೇಳಿದರು: "ಪಾಪ, ಅವ್ರ ಹತ್ರಾನೂ ಕಾರ್ಡಿಲ್ಲ ಅನ್ಸುತ್ತೆ."