ಪಟದೊಳಗಿನ ಅವ್ವನ ಕಾಲನಿರ್ಣಯ

ಹಳೆಯ ಫೋಟೋ ಹಿಡಿದುಕೊಂಡು ನನ್ನ ಕಚೇರಿಗೆ ಬಂದವರಲ್ಲಿ ನಗಿಸಬೇಕೆಂದು ಬಂದವರು ಒಬ್ಬರೂ ಇಲ್ಲ. ನಗಿಸದೆ ಹೋದವರೂ ಕಡಿಮೆ. ಐವತ್ತರ ದಶಕದಲ್ಲಿ ನಾನು ಹಾಸನದಲ್ಲಿ ವಕೀಲನಾಗಿದ್ದೆ. ಒಂದು ಪಾಲಿನ ದಾವೆಯಲ್ಲಿ ಫೋಟೋದಲ್ಲಿನ ಉಡುಪು, ಪರದೆ, ಕುರ್ಚಿಗಳನ್ನು ನೋಡಿ ಅದು ಯಾವ ಕಾಲದ್ದೆಂದು ಹೇಳಿ ಗೆದ್ದೆ. ಅಲ್ಲಿಂದ ಮುಂದೆ ಸುತ್ತಲಿನ ತಾಲ್ಲೂಕುಗಳ ಪಟಗಳೆಲ್ಲ ಗೋಡೆಯ ಮೊಳೆಯಿಂದಿಳಿದು ನನ್ನ ಮೇಜಿಗೆ ಬರತೊಡಗಿದವು.

ಗೌಡರ ಪ್ರಶ್ನೆ

ಹಳೇಕೋಟೆಯ ಗೌಡರೊಬ್ಬರು ಟವೆಲಿನಲ್ಲಿ ಸುತ್ತಿ ತಂದಿದ್ದ ಪಟವನ್ನು ಬಿಚ್ಚಿದರು. ಕೋಟು ಹಾಕಿ ಕುಳಿತ ಗಂಡಸು, ಪಕ್ಕದಲ್ಲಿ ನಿಂತ ಹೆಂಗಸು. ಗಾಜಿನ ಮೇಲೆ ಕುಂಕುಮದ ಬೊಟ್ಟು, ಚೌಕಟ್ಟಿಗೆ ಒಣಗಿದ ಹಾರ.

“ನಮ್ಮಪ್ಪ, ನಮ್ಮವ್ವ. ನಾನು ಆಲು ಕುಡಿಯೋ ಕೂಸಾಗಿದ್ದಾಗ್ಲೇ ಅವ್ವ ಓಗ್ಬುಟ್ಲು ಸಾ. ಅಪ್ಪ ಅವ್ವನ ತಂಗೀನೇ ತಂದ್ಕಂಡ್ರು. ಚಿಕ್ಕವ್ವನೇ ಸಾಕಿದ್ದು. ಈಗ ಅಪ್ಪನೂ ಇಲ್ಲ.”

“ಮತ್ತೇನು ಸಂದೇಹ?”

“ಓದ ಪಿತೃಪಕ್ಷದಾಗೆ ಪಟದ ಮುಂದೆ ಎಡೆ ಇಕ್ಕಿ ಕೈ ಮುಗೀತಿದ್ದೆ. ನಮ್ಮೂರಿನ ಮುದುಕ ಒಬ್ಬ ಬಂದು, ‘ಇವ್ಳು ನಿಮ್ಮವ್ವ ಅಲ್ಲ ಕಣ್ಲಾ’ ಅಂದ್ಬುಟ್ಟ. ನಾನು ಕಂಡಿರೋ ಅವ್ವ ಇದೊಂದೇ ಸಾ. ಇವ್ಳಲ್ಲ ಅಂದ್ರೆ ನಂಗೆ ಅವ್ವನ ಮಖನೇ ಇಲ್ಲ.”

ಅವರು ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡರು. ನಾನು ಸಮಾಧಾನ ಹೇಳುವವರ ಪೈಕಿಯಲ್ಲ, ವಿಚಾರಣೆ ಮುಂದುವರಿಸಿದೆ.

“ಚಿಕ್ಕವ್ವನನ್ನು ಕೇಳಲಿಲ್ಲವೆ?”

“ಕೇಳ್ದೆ. ಒಲೆ ಊದಾಕೆ ಕೂತ್ಕತಾಳೆ.”

“ಆಕೆಗೂ ಈ ಮುಖಕ್ಕೂ ಹೋಲಿಕೆ ಇದೆಯೆ?”

“ಇಲ್ದೆ ಏನು? ಅಕ್ಕತಂಗೀರು. ಓಲಿಕೆ ಅಂದ್ರೆ, ಮೀಸೆ ತೆಗೆದ್ರೆ ನಾನೂ ಅಂಗೇ ಇವ್ನಿ ಸಾ.”

ಕೋಟು

ಹೆಂಗಸಿನ ಸೀರೆ ಏನೂ ಹೇಳಲಿಲ್ಲ. ಅಂಥ ಅಂಚು ನಮ್ಮ ಕಡೆ ಯಾವ ಕಾಲಕ್ಕೂ ಇತ್ತು. ಆದ್ದರಿಂದ ಗಂಡಸಿನ ಕೋಟಿನ ಜಾಡು ಹಿಡಿದೆ. ಎದೆಯ ಮೇಲೆ ಗಡಿಯಾರದ ಸರಪಳಿ. ಗುಂಡಿಗಳಲ್ಲಿ ಒಂದು ಮಾತ್ರ ಬೇರೆ ಅಳತೆಯದು. ಅದನ್ನು ಎಲ್ಲೋ ನೋಡಿದ್ದೆ. ಹಳೆಯ ಕಡತ ತೆಗೆಸಿದರೆ, ಚನ್ನರಾಯಪಟ್ಟಣದ ಕಕ್ಷಿದಾರರ ತಾತನ ಮೈಮೇಲೂ ಅದೇ ಕೋಟು, ಅರಕಲಗೂಡಿನ ಶಾನುಭೋಗರ ಮೈಮೇಲೂ ಅದೇ ಕೋಟು, ಅದೇ ಗುಂಡಿ. ತಾತನವರದು ಗುಡಾಣದಂಥ ಹೊಟ್ಟೆ, ಶಾನುಭೋಗರು ಹಂಚಿಕಡ್ಡಿ. ಇಬ್ಬರಿಗೂ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು.

ಫೋಟೋ ಅಂಟಿಸಿದ ಎಲ್ಲ ರಟ್ಟುಗಳ ಕೆಳಗೂ ನಮ್ಮೂರು ಹೊಳೆನರಸೀಪುರದ ಸ್ಟುಡಿಯೋದ ಹೆಸರಿತ್ತು. ಹೋಗಿ ಮಾಲೀಕರನ್ನು ಕೇಳಿದೆ. ಅವರು ಒಳಗಿನಿಂದ ಕೋಟನ್ನು ತಂದು ತಿರುಗಿಸಿ ಹಿಡಿದರು. ಬೆನ್ನನ್ನು ಕೊರಳಿನಿಂದ ಅಂಚಿನವರೆಗೆ ಸೀಳಿ, ಎರಡೂ ಕಡೆ ಲಾಡಿ ಹೊಲಿದಿದ್ದರು.

“ದಪ್ಪಗಿದ್ದವರಿಗೆ ಸಡಿಲ ಕಟ್ಟುತ್ತೇನೆ, ಸಣ್ಣಗಿದ್ದವರಿಗೆ ಬಿಗಿ.”

“ಇದು ಮೋಸವಲ್ಲವೆ?” ಎಂದೆ.

“ಮೋಸ ಹೇಗೆ ಸ್ವಾಮಿ? ಬೆನ್ನು ತೋರಿಸಿ ಫೋಟೋ ತೆಗೆಸಿಕೊಂಡವರು ಇದುವರೆಗೆ ಒಬ್ಬರೂ ಬಂದಿಲ್ಲ.”

ವರ

ಗೌಡರ ಪಟ ಇನ್ನೂ ನನ್ನ ಮೇಜಿನ ಮೇಲಿದ್ದಾಗಲೇ ಅರಕಲಗೂಡಿನ ಮೇಷ್ಟರೊಬ್ಬರು ಬಂದರು. ಮಗಳಿಗೆ ಬಂದ ವರನ ಫೋಟೋ ಕೈಯಲ್ಲಿತ್ತು. ಸಂಬಂಧ ತಂದ ಮಧ್ಯಸ್ಥನೂ ಬೆನ್ನಿಗಿದ್ದ. ವರ ಸುಂದರ, ಗುಂಗುರು ಕೂದಲು. ಆದರೆ ಅವನ ಹಿಂದಿನ ಪರದೆ ನನಗೆ ಗೊತ್ತಿತ್ತು. ಬಂಗಲೆಯ ಮೆಟ್ಟಿಲು ಬರೆದ, ಅದೇ ಸ್ಟುಡಿಯೋದ ಆ ಪರದೆಯನ್ನು ನಾನು ಕಾಲೇಜಿನಲ್ಲಿದ್ದಾಗಲೇ ಇಲಿಗಳು ಕಡಿದು ಹಾಳುಮಾಡಿದ್ದವು.

“ಮೇಷ್ಟರೆ, ಈ ಫೋಟೋಗೆ ಇಪ್ಪತ್ತು ವರ್ಷವಾದರೂ ಆಗಿದೆ. ವರನ ವಯಸ್ಸನ್ನು ನೀವೇ ಕೂಡಿಕೊಳ್ಳಿ.”

ಮಧ್ಯಸ್ಥ ಅಳುಕಲಿಲ್ಲ. “ಫೋಟೋದಾಗೆ ತೆಪ್ಪೇನೂ ಇಲ್ಲ ಸಾ. ಉಡುಗ ಮದ್ವೆ ವಯಸ್ಸಿಗೆ ಬಂದಾಗ ಸರ್ಯಾಗೇ ತೆಗೆಸವ್ರೆ. ಎಣ್ಣು ಸಿಗೋದು ವಸಿ ತಡ ಆಯ್ತು, ಅಷ್ಟೇಯ.”

ನನ್ನದೂ ಒಂದು

ಗೌಡರ ಪಟದ ಕಾಲಕ್ಕೆ ಸಾಕ್ಷಿ ಕೊನೆಗೆ ನಾನೇ ಆಗಬೇಕಾಯಿತು. ಆ ಸ್ಟುಡಿಯೋ ಬಾಗಿಲು ತೆರೆದ ದಿನ ಮೊಟ್ಟಮೊದಲು ತೆಗೆದ ಫೋಟೋ ನನ್ನದು. ಅಂದು ನನಗೆ ಮೂರು ವರ್ಷ ತುಂಬಿತ್ತು. ಮೈಮೇಲೆ ಉಡಿದಾರ ಒಂದೇ. ಬಾಯಿ ಅಗಲಿಸಿ ಅಳುತ್ತಿದ್ದೇನೆ. ಕೆಲಸದ ಮಾದರಿಯೆಂದು ಅದನ್ನು ಸ್ಟುಡಿಯೋದ ಬಾಗಿಲಿಗೇ ತಗುಲಿಸಿದ್ದರು. ನಾನು ಕರಿಕೋಟು ತೊಟ್ಟು ಕೋರ್ಟಿಗೆ ಹೋಗತೊಡಗಿದ ಮೇಲೂ ಅದು ಅಲ್ಲಿಯೇ ಇತ್ತು. ಅದನ್ನು ತೆಗೆಯಬೇಕೆಂದು ಮಾಲೀಕರಿಗೆ ವಿಧಿವತ್ತಾಗಿ ನೋಟಿಸು ಕೊಟ್ಟೆ. ಅವರು ಬಹಳ ಮರ್ಯಾದೆಯಿಂದ ಉತ್ತರಿಸಿದರು: “ತೆಗೆಯುತ್ತೇನೆ ಸ್ವಾಮಿ. ಫೋಟೋದಲ್ಲಿರುವುದು ನೀವೇ ಎಂಬುದಕ್ಕೆ ದಯವಿಟ್ಟು ಗುರುತು ತೋರಿಸಿ.”

ಎಡೆ

ಗೌಡರ ಊರಿನ ಶಾಲೆಯಲ್ಲಿ ಅವರು ಹುಟ್ಟಿದ ದಿನ ವಿಚಾರಿಸಿದೆ. ಅವರು ನನಗಿಂತ ಎರಡು ತಿಂಗಳು ದೊಡ್ಡವರು. ಎಂದರೆ ಸ್ಟುಡಿಯೋ ತೆರೆದಾಗ ಅವರಿಗೂ ಮೂರು ದಾಟಿತ್ತು. ಹಾಲು ಕುಡಿಯುವ ಕೂಸನ್ನು ಬಿಟ್ಟು ಹೋದ ತಾಯಿ ಅಲ್ಲಿ ನಿಂತು ಫೋಟೋ ತೆಗೆಸಿಕೊಂಡಿರಲು ಸಾಧ್ಯವಿಲ್ಲ.

ಇಂಥ ತೀರ್ಪನ್ನು ಅಂಚೆಯಲ್ಲಿ ಕಳಿಸಬಾರದೆಂದು ಪಟ ಹಿಡಿದು ನಾನೇ ಹಳೇಕೋಟೆಗೆ ಹೋದೆ. ಗೌಡರು ಪಟವನ್ನು ಮೊದಲಿನ ಜಾಗದಲ್ಲೇ ತೂಗುಹಾಕಿ, ಕೈಕಟ್ಟಿ ನಿಂತರು. ಅರ್ಧ ಸತ್ಯ ಹೇಳುವುದು ನನಗೆ ಬಾರದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಪಟಕ್ಕೆ ಬೆರಳು ತೋರಿಸಿದರು. “ಅಂಗಾದ್ರೆ ಇದು ಯಾರು ಸಾ?”

ಅಡುಗೆಮನೆಯಲ್ಲಿ ಒಲೆ ಊದುವ ಸದ್ದು ನಿಂತಿತು. ಚಿಕ್ಕವ್ವ ಊದುಗೊಳವೆ ಹಿಡಿದುಕೊಂಡೇ ಹೊರಗೆ ಬಂದರು.

“ನಾನೇ ಕಣ್ಲಾ. ಅಕ್ಕಂದು ಒಂದು ಪಟನೂ ಇರ್ನಿಲ್ಲ. ‘ನಮ್ಮವ್ವ ಎಂಗಿದ್ಲು, ತೋರ್ಸು’ ಅಂತ ನೀನು ಉಣ್ಣದೆ ಅಟ ಹಿಡ್ದೆ. ಅಕ್ಕಂದೂ ನಂದೂ ಒಂದೇ ಮಖ. ಇದನ್ನೇ ತೋರ್ಸ್ದೆ. ನೀನು ಉಂಡೆ.”

ಗೌಡರು ಒಮ್ಮೆ ಪಟವನ್ನು, ಒಮ್ಮೆ ಆಕೆಯನ್ನು ನೋಡಿದರು. ಆಮೇಲೆ ಗೌಡರು ಹಾರ ತೆಗೆಯಲು ಕೈ ಎತ್ತಿದರು. ಎತ್ತಿದ ಕೈ ಹಾಗೆಯೇ ನಿಂತಿತು.

“ಅಪ್ಪನೂ ಇದ್ರಾಗೇ ಅವ್ರಲ್ಲ ಸಾ. ಅಪ್ಪಂಗೆ ಮಾತ್ರ ಆರ ಆಕೋದು ಎಂಗೆ?”

ಕಾನೂನಿನಲ್ಲಿ ಇದಕ್ಕೆ ಉತ್ತರವಿಲ್ಲವೆಂದೆ. ಗೌಡರು ಕೈ ಇಳಿಸಿ ಆಕೆಯ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟಿತ್ತು.

“ಬದುಕಿದ್ಕಂಡು ಇಷ್ಟು ವರ್ಸ ನನ್ ಕೈಲಿ ಎಡೆ ಇಕ್ಕುಸ್ಕಂಡ್ಯಲ್ಲೇ ಅವ್ವಾ! ಒಂದ್ ಸಲನಾದ್ರೂ ಬಾಯಿ ಬುಡಬಾರ್ದಾಗಿತ್ತಾ?”

ಆಕೆ ಊದುಗೊಳವೆಯನ್ನು ಗೋಡೆಗೆ ಒರಗಿಸಿದರು.

“ಯಾಕ್ಲಾ ಬುಡ್ಲಿ? ಸತ್ತೋಳು ಅಂತ ವರ್ಸಕ್ಕೊಂದು ವಸಾ ಸೀರೆ ಎಡೆ ಮುಂದೆ ಮಡಗ್ದೆ, ಆಮ್ಯಾಕೆ ಅದನ್ನ ನಂಗೇ ಉಡಾಕೆ ಕೊಟ್ಟೆ. ಬದುಕವ್ಳೆ ಅಂತ ಗೊತ್ತಾಗಿದ್ರೆ ಕೊಡುಸ್ತಿದ್ದೇನ್ಲಾ?”